ಪಾದ್ರಿ ಕೇಳಿದ್ದು ಕಾಲುಗಳನ್ನು ಮಾತ್ರ

ರೋಲ್ಡ್ ಡಾಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಚಾಕೊಲೇಟ್ ಕಾರ್ಖಾನೆ, ಮಟಿಲ್ಡಾ, ಮಾಟಗಾತಿಯರು. ಮಕ್ಕಳ ಲೇಖಕನೆಂದು ಹೆಸರಾಗುವ ಮೊದಲು ಆತ ದೊಡ್ಡವರಿಗಾಗಿ ಕತೆ ಬರೆಯುತ್ತಿದ್ದ. ನಯವಾದ, ಕ್ರೂರವಾದ, ಕೊನೆಯ ಪುಟದಲ್ಲಿ ಓದುಗನ ಕಾಲೆಳೆಯುವ ಕತೆಗಳು. ಅವುಗಳಲ್ಲಿ ಒಂದು ‘ಪಾರ್ಸನ್ಸ್ ಪ್ಲೆಷರ್’. 1958ರಲ್ಲಿ ಪತ್ರಿಕೆಯಲ್ಲಿ ಬಂದು, 1960ರ ‘ಕಿಸ್ ಕಿಸ್’ ಸಂಕಲನದಲ್ಲಿ ಸೇರಿತು. ಹಳೆಯ ಪೀಠೋಪಕರಣವೊಂದನ್ನು ಹೇಗೆ ನೋಡಬೇಕು, ಅದಕ್ಕೆ ಬೆಲೆ ಕಟ್ಟುವವರು ಯಾರು, ಅದರ ಮೇಲೆ ಬಳಿದ ಬಣ್ಣ ಏನನ್ನು ಮುಚ್ಚುತ್ತದೆ ಎಂಬ ಪ್ರಶ್ನೆಗಳನ್ನು ಈ ಕತೆಯಷ್ಟು ಗಟ್ಟಿಯಾಗಿ ಕೇಳಿದ ಇನ್ನೊಂದನ್ನು ನಾನು ಓದಿಲ್ಲ. ಹಳೆಯ ಡ್ರೆಸರ್‌ಗಳನ್ನು ತಿಕ್ಕಿ, ಬಣ್ಣ ಬಳಿದು, ಹೊಸ ಹಿಡಿಕೆ ಹಾಕಿ ಮಾರುವ ಅಂಗಡಿಗಳು ಊರೂರಲ್ಲಿ ತೆರೆಯುತ್ತಿರುವ ಈ ಕಾಲಕ್ಕೆ ಅದನ್ನು ಇನ್ನೊಮ್ಮೆ ಓದಬೇಕು ಅನ್ನಿಸುತ್ತದೆ.

ಕತೆ ಹೀಗಿದೆ. ಸಿರಿಲ್ ಬೊಗಿಸ್ ಲಂಡನ್ನಿನ ಚೆಲ್ಸಿಯಲ್ಲಿ ಹಳೆಯ ಪೀಠೋಪಕರಣಗಳ ಅಂಗಡಿ ಇಟ್ಟವನು. ಭಾನುವಾರ ಬಂತೆಂದರೆ ಪಾದ್ರಿಯ ವೇಷ ತೊಟ್ಟು ಹಳ್ಳಿಗಳ ಕಡೆ ಹೊರಡುತ್ತಾನೆ. ಅಪರೂಪದ ಪೀಠೋಪಕರಣಗಳ ರಕ್ಷಣೆಗೆಂದೇ ಇರುವ ಸಂಘವೊಂದರ ಅಧ್ಯಕ್ಷ ಎಂದು ಹೇಳುವ ಚೀಟಿ ಕೈಯಲ್ಲಿ. ಹಳ್ಳಿಮನೆಗಳ ಒಳಗೆ ನುಗ್ಗಿ, ಏನೂ ತಿಳಿಯದ ಮನೆಯವರಿಂದ ಚಿನ್ನದಂಥ ವಸ್ತುವನ್ನು ಕಾಸಿಗೆ ಕೊಂಡು ತರುವುದು ಅವನ ದಂಧೆ. ಒಂದು ದಿನ ರಮಿನ್ಸ್ ಎಂಬ ರೈತನ ಮನೆಯಲ್ಲಿ ಅವನ ಕಣ್ಣಿಗೆ ಬೀಳುವುದು ಚಿಪ್ಪೆಂಡೇಲ್ ಮಾಡಿದ ಕಮೋಡ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಮೋಡ್ ಎಂದರೆ ಕನ್ನಡದ ಓದುಗ ನಗುತ್ತಾನೆ. ನಮಗೆ ಆ ಪದ ಗೊತ್ತಿರುವುದು ಬಚ್ಚಲುಮನೆಯಿಂದ. ಫ್ರೆಂಚಿನಲ್ಲಿ ಅದಕ್ಕೆ ‘ಅನುಕೂಲದ್ದು’ ಎಂಬ ಅರ್ಥ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಅದು ಡ್ರಾಯರ್‌ಗಳಿರುವ ತಗ್ಗಾದ, ಅಂದವಾದ ಪೆಟ್ಟಿಗೆಮೇಜು. ರಾತ್ರಿಯ ಪಾತ್ರೆಯನ್ನು ಮರದ ಪೆಟ್ಟಿಗೆಯೊಳಗೆ ಬಚ್ಚಿಡುವ ರೂಢಿ ಬಂದಾಗ ಹೆಸರು ಅಲ್ಲಿಗೂ ಹೋಯಿತು. ‘ಡ್ರೆಸರ್’ ಪದದ ಪಾಡೂ ಅಷ್ಟೇ. ಇಂಗ್ಲೆಂಡಿನಲ್ಲಿ ಡ್ರೆಸರ್ ಎಂದರೆ ಅಡುಗೆಮನೆಯದು: ಕೆಳಗೆ ಖಾನೆಗಳು, ಮೇಲೆ ತಟ್ಟೆ ನಿಲ್ಲಿಸುವ ಹಲಗೆಗಳು. ಅಮೆರಿಕದಲ್ಲಿ ಅದು ಮಲಗುವ ಕೋಣೆಯ ಬಟ್ಟೆಯ ಪೆಟ್ಟಿಗೆ. ನಮ್ಮಲ್ಲಿ ಡ್ರೆಸಿಂಗ್ ಟೇಬಲ್ಲಿನ ಮೊಟಕು ರೂಪ, ಕನ್ನಡಿ ಇರಲೇಬೇಕು. ಹೀಗೆ ಒಂದೇ ಹೆಸರಿನಲ್ಲಿ ಮೂರು ಸಾಮಾನು. ನಮ್ಮ ಅಲಮಾರು ಪೋರ್ಚುಗೀಸರಿಂದ ಬಂದದ್ದು. ಮರದ ಸಾಮಾನುಗಳಂತೆ ಅವುಗಳ ಹೆಸರುಗಳೂ ಹಡಗು ಹತ್ತಿ ಬಂದು, ಹೋದ ಮನೆಯಲ್ಲಿ ಬೇರೆ ಕೆಲಸಕ್ಕೆ ಸೇರಿಕೊಳ್ಳುತ್ತವೆ.

ಥಾಮಸ್ ಚಿಪ್ಪೆಂಡೇಲ್ (1718–1779) ಕಲ್ಪನೆಯ ಮನುಷ್ಯನಲ್ಲ. ಬಡಗಿಯ ಮಗ. ತನ್ನ ವಿನ್ಯಾಸಗಳನ್ನೆಲ್ಲ ಸೇರಿಸಿ 1754ರಲ್ಲಿ ಪುಸ್ತಕ ಅಚ್ಚುಹಾಕಿಸಿದವನು. ಆ ಪುಸ್ತಕ ನೋಡಿ ಎಲ್ಲೆಲ್ಲಿಯ ಬಡಗಿಗಳೋ ‘ಚಿಪ್ಪೆಂಡೇಲ್’ ಮಾಡಿದರು. ಹಾಗಾಗಿ ಆ ಹೆಸರು ಹೊತ್ತ ಕುರ್ಚಿಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟು, ಅವನ ಕಾರ್ಖಾನೆಯಿಂದಲೇ ಬಂದವೆಂದು ಸಾಬೀತಾದವು ಕೆಲವೇ. ರಮಿನ್ಸನ ಮನೆಯಲ್ಲಿರುವುದು ಅಂಥ ಅಪರೂಪದ್ದು. ಆದರೆ ಯಾರೋ ಅದಕ್ಕೆ ಬಿಳಿ ಬಣ್ಣ ಬಳಿದಿದ್ದಾರೆ. ಈಗ ಅದು ಕೊಳೆತ ಬಿಳಿ. ಡಾಲ್ ಇದನ್ನು ಹೇಳುವುದು ನಡುವೆ ಒಂದು ಮಾತಿನಲ್ಲಿ. ನನ್ನ ಓದಿನಲ್ಲಿ ಇಡೀ ಕತೆ ನಿಂತಿರುವುದು ಆ ಬಣ್ಣದ ಮೇಲೆ. ರಮಿನ್ಸನಿಗೆ ಕಾಣುವುದು ಬಣ್ಣ. ಬೊಗಿಸನಿಗೆ ಕಾಣುವುದು ಬಣ್ಣದ ಅಡಿಯ ಮರ.

ಬೊಗಿಸ್ ಹೇಗೆ ನೋಡುತ್ತಾನೆ? ಅವನದು ಅಭ್ಯಾಸದಿಂದ ಬಂದ ಕಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಡ್ರೆಸರ್ ಕೊಳ್ಳಹೋಗುವ ಯಾರಿಗಾದರೂ ಇದೇ ಮೊದಲ ಪಾಠ, ಓದುವ ವಿದ್ಯೆಗೂ ಇದು ದೂರದ್ದೇನಲ್ಲ. ತಿಳಿದವರು ಮುಂಭಾಗ ನೋಡುವುದಿಲ್ಲ. ಡ್ರಾಯರನ್ನು ಪೂರ್ತಿ ಹೊರಗೆಳೆದು ಬದಿಯ ಮೂಲೆ ನೋಡುತ್ತಾರೆ. ಪಾರಿವಾಳದ ಬಾಲದ ಆಕಾರದಲ್ಲಿ ಒಂದರೊಳಗೊಂದು ಕಚ್ಚಿಕೊಂಡ ಜೋಡಣೆ ಅಲ್ಲಿರುತ್ತದೆ. ಕೈಯಿಂದ ಕತ್ತರಿಸಿದ್ದಾದರೆ ಒಂದು ಹಲ್ಲು ಇನ್ನೊಂದರಂತೆ ಇರುವುದಿಲ್ಲ, ಬಡಗಿ ಎಳೆದುಕೊಂಡ ಗೀರು ಇನ್ನೂ ಉಳಿದಿರುತ್ತದೆ. ಯಂತ್ರದ್ದಾದರೆ ಎಲ್ಲ ಒಂದೇ ಅಳತೆ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದೀಚೆಗಿನ ಕೆಲಸ. ಸ್ಕ್ರೂ ಬಿಚ್ಚಿದರೆ ಅದೂ ಮಾತಾಡುತ್ತದೆ. ಹಳೆಯ ಸ್ಕ್ರೂಗಳ ತಲೆಯ ಗೀರು ನಟ್ಟನಡುವೆ ಇರುವುದಿಲ್ಲ, ಮೊನೆ ಮೊಂಡು; ಚೂಪು ಮೊನೆಯ ಸ್ಕ್ರೂ ಬಂದದ್ದು 1840ರ ದಶಕದಲ್ಲಿ. ಮೇಲುಹೊದಿಕೆಯ ತೆಳು ಪದರ ಗರಗಸದಿಂದ ಸೀಳಿದ್ದಾದರೆ ದಪ್ಪ, ಯಂತ್ರದ ಅಲಗಿನಿಂದ ಸೀಳಿದ್ದಾದರೆ ಕಾಗದದಂತೆ ತೆಳು. ಹಿಂಬದಿಯ ಹಲಗೆಯನ್ನು ಯಾರೂ ನೋಡುವುದಿಲ್ಲವೆಂದು ಒರಟಾಗಿ ಬಿಟ್ಟಿರುತ್ತಾರೆ, ಸುಳ್ಳು ಹೇಳಲು ಮರೆಯುವುದೂ ಅಲ್ಲೇ. ಕೊನೆಗೆ ಬೆರಳು: ನೂರು ವರ್ಷ ಎಳೆದ ಡ್ರಾಯರಿನ ಅಡಿ ಸವೆದಿರಬೇಕು, ಅದು ಜಾರುವ ಪಟ್ಟಿಯೂ ಅದಕ್ಕೆ ಸರಿಯಾಗಿ ಸವೆದಿರಬೇಕು. ಒಂದು ಸವೆದು ಇನ್ನೊಂದು ಸವೆದಿಲ್ಲವೆಂದರೆ ಯಾವುದೋ ಒಂದು ಬೇರೆ ಮನೆಯಿಂದ ಬಂದದ್ದು.

ಹಾಗೆ ಎರಡು ಮನೆಯ ತುಂಡುಗಳನ್ನು ಸೇರಿಸಿದ ಸಾಮಾನಿಗೆ ಇಂಗ್ಲಿಷ್ ವ್ಯಾಪಾರಿಗಳು ‘ಮದುವೆ’ ಎನ್ನುತ್ತಾರೆ. ಒಂದು ಡ್ರೆಸರಿನ ತಳದ ಮೇಲೆ ಇನ್ನೊಂದರ ಹಲಗೆಗಳನ್ನು ಕೂರಿಸಿದರೆ ಅದು ಮದುವೆಯಾದ ಡ್ರೆಸರ್, ಬೆಲೆ ಕಡಿಮೆ. ಇಂಥ ಎಷ್ಟೋ ಮದುವೆಗಳು ನೂರು ವರ್ಷದಿಂದ ಗಟ್ಟಿಯಾಗಿ ನಿಂತಿವೆ ಎನ್ನುವುದು ಬೇರೆ ಮಾತು.

ಬೊಗಿಸ್ ಈ ವಿದ್ಯೆಯನ್ನು ಬಳಸುವ ರೀತಿಯಲ್ಲಿ ಡಾಲನ ವ್ಯಂಗ್ಯವಿದೆ. ಇದು ಅಸಲಿ ಎಂದು ಗುರುತಿಸಲು ಎಷ್ಟು ತಿಳಿವಳಿಕೆ ಬೇಕೋ ಅಷ್ಟನ್ನೂ ಇದು ನಕಲಿ ಎಂದು ನಂಬಿಸಲು ಅವನು ಖರ್ಚು ಮಾಡುತ್ತಾನೆ. ವಿಕ್ಟೋರಿಯಾ ಕಾಲದ ನಕಲು, ಸೌದೆಗಷ್ಟೇ ಲಾಯಕ್ಕು ಎನ್ನುತ್ತಾನೆ. ಡ್ರಾಯರಿನ ಹಿಂದೆ ಸಿಕ್ಕ ಹಳೆಯ ಬಿಲ್ಲನ್ನು ರೈತರು ತಂದು ತೋರಿಸಿದರೂ ಅದನ್ನೂ ಮಾತಿನಲ್ಲಿ ಮುಳುಗಿಸುತ್ತಾನೆ. ತನ್ನ ಮನೆಯ ಮೇಜೊಂದಕ್ಕೆ ಕಾಲು ಬೇಕಿದೆ, ಇದರ ಕಾಲುಗಳು ಹೊಂದಬಹುದು, 20 ಪೌಂಡ್ ಕೊಡುತ್ತೇನೆ ಎಂದು ಮಾತು ಮುಗಿಸಿ, ದೂರ ನಿಲ್ಲಿಸಿದ ತನ್ನ ಕಾರು ತರಲು ಹೋಗುತ್ತಾನೆ. ಇತ್ತ ರಮಿನ್ಸ್, ಅವನ ಮಗ, ನೆರೆಯ ಕ್ಲಾಡ್ ಯೋಚಿಸುತ್ತಾರೆ. ಪಾದ್ರಿಗಳ ಕಾರು ಚಿಕ್ಕದು. ಹಿಡಿಸದಿದ್ದರೆ ಬೇಡವೆಂದು ಹೋಗಿಬಿಟ್ಟರೆ? ಬೇಕಿರುವುದು ಕಾಲು ತಾನೆ? ಗರಗಸ ತಂದು ಕಾಲು ಕತ್ತರಿಸುತ್ತಾರೆ. ಉಳಿದದ್ದು ಸೌದೆ ಎಂದು ಅವನೇ ಹೇಳಿದ್ದಾನಲ್ಲ, ಅದನ್ನೂ ಕೊಡಲಿಯಿಂದ ಸೀಳಿ ಕೊಡುತ್ತಾರೆ.

ಸಾಮಾನ್ಯವಾಗಿ ಈ ಕತೆಯನ್ನು ‘ಮಾಡಿದ್ದುಣ್ಣೋ ಮಹರಾಯ’ ಎಂದು ಓದುತ್ತಾರೆ. ಮೋಸಗಾರನಿಗೆ ಅವನ ಮೋಸವೇ ತಿರುಗಿತು, ಸರಿ. ಹಾಗೆ ಓದಿ ಮುಗಿಸಿದರೆ ಒಂದು ಕೊರತೆ ಗಮನಕ್ಕೆ ಬರುವುದಿಲ್ಲ. ಇಡೀ ಕತೆಯಲ್ಲಿ ಯಾರೊಬ್ಬರೂ ಆ ಕಮೋಡಿನೊಂದಿಗೆ ಬದುಕುವುದಿಲ್ಲ. ಅದರ ಡ್ರಾಯರಿನಲ್ಲಿ ಒಂದು ಮಡಚಿದ ಅಂಗಿಯನ್ನೂ ಡಾಲ್ ಇಟ್ಟಿಲ್ಲ. ರೈತರನ್ನು ಕಾಣುವ ಅವನ ಕಣ್ಣಿನಲ್ಲಿ ತಾತ್ಸಾರವಿದೆ. ಅವರು ಕೊಳಕರು, ಅನುಮಾನದವರು, ಆಸೆಬುರುಕರು. ಆ ಸಾಮಾನು ಅವರ ಮನೆಗೆ ಹೇಗೆ ಬಂತು, ಬಿಳಿ ಬಣ್ಣ ಬಳಿದವರು ಯಾರು, ಯಾವ ಮದುವೆಗೋ ಬಾಣಂತನಕ್ಕೋ ಕೋಣೆ ಬೆಳ್ಳಗಾಗಲೆಂದು ಬಳಿದರೋ, ಕತೆ ಕೇಳುವುದೇ ಇಲ್ಲ. ಜಾಣ ಕತೆ, ಆದರೆ ವಸ್ತುವಿಗೆ ಬೆಲೆಯನ್ನು ಮಾತ್ರ ಕೊಟ್ಟ ಕತೆ.

ಬಿಳಿ ಬಣ್ಣದ ವಿಷಯಕ್ಕೆ ಬರೋಣ. ರಮಿನ್ಸನ ಮನೆಯಲ್ಲಿ ಅಜ್ಞಾನವೆನಿಸಿದ್ದು ಮುಂದೆ ಫ್ಯಾಷನ್ ಆಯಿತು. 1989ರಲ್ಲಿ ರೇಚೆಲ್ ಆಶ್‌ವೆಲ್ ಕ್ಯಾಲಿಫೋರ್ನಿಯಾದಲ್ಲಿ ‘ಶಾಬಿ ಶಿಕ್’ ಅಂಗಡಿ ತೆರೆದಳು. ಮರುವರ್ಷ ಇಂಗ್ಲೆಂಡಿನ ಆನ್ನಿ ಸ್ಲೋನ್ ‘ಚಾಕ್ ಪೇಂಟ್’ ತಂದಳು. ಮರವನ್ನು ಹೆಚ್ಚು ಉಜ್ಜದೆಯೇ ನೇರ ಬಳಿಯಬಹುದಾದ, ಸುಣ್ಣದಂತೆ ಮಂಕಾಗಿ ಒಣಗುವ ಬಣ್ಣ. ಅಂದಿನಿಂದ ಲಕ್ಷಾಂತರ ಹಳೆಯ ಡ್ರೆಸರ್‌ಗಳು ಬಿಳಿಯಾದವು, ಬೂದಿಯಾದವು, ಪಾಚಿಹಸಿರಾದವು. ಬಳಿದಾದ ಮೇಲೆ ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ‘ಸವೆದಂತೆ’ ಮಾಡುತ್ತಾರೆ. ಕೈ ಎಂದೂ ತಾಗದ ಕಡೆಯಲ್ಲೂ ಸವೆತ! ಬೊಗಿಸ್ ಕಂಡಿದ್ದರೆ ನಗುತ್ತಿದ್ದ, ಅಥವಾ ತಾನೇ ಒಂದು ಡಬ್ಬಿ ಕೊಳ್ಳುತ್ತಿದ್ದ.

ಬಣ್ಣವೆಲ್ಲ ಸುಳ್ಳು, ಬರೀ ಮರವೇ ಸತ್ಯ ಎನ್ನಲೂ ಬರುವುದಿಲ್ಲ. ಇಂಗ್ಲೆಂಡಿನ ಪೈನ್ ಮರದ ಡ್ರೆಸರ್‌ಗಳ ಕತೆ ಇದಕ್ಕೆ ಉದಾಹರಣೆ. ಪೈನ್ ಅಗ್ಗದ ಮರ. ವಿಕ್ಟೋರಿಯಾ ಕಾಲದ ಬಡಗಿ ಅದನ್ನು ಬಣ್ಣ ಬಳಿಯಲೆಂದೇ ಮಾಡುತ್ತಿದ್ದ. ಗಂಟು, ತೇಪೆ ಎಲ್ಲ ಬಣ್ಣದಡಿ ಹೋಗಲಿ ಎಂದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜನರಿಗೆ ‘ಸಹಜ ಮರ’ದ ಹುಚ್ಚು ಹಿಡಿಯಿತು. ಇಡೀ ಡ್ರೆಸರನ್ನು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ಕಿತ್ತರು. ಅಂಟು ಸಡಿಲವಾಯಿತು, ಹಲಗೆ ಒಣಗಿ ಸೀಳಿತು. ಹೊರಬಂದದ್ದು ಜೇನುಬಣ್ಣದ ಬೆತ್ತಲೆ ಮರ. ಎಲ್ಲರೂ ಅದನ್ನೇ ಮೂಲರೂಪ ಎಂದು ಮನೆಗೆ ಒಯ್ದರು. ಅಂಥ ಮೂಲರೂಪ ಅದಕ್ಕೆ ಎಂದೂ ಇದ್ದಿರಲಿಲ್ಲ. ಒಂದು ಕಡೆ ಬಣ್ಣ ಬಳಿದು ಹಾಳು, ಇನ್ನೊಂದು ಕಡೆ ಬಣ್ಣ ಕಿತ್ತು ಹಾಳು.

ಈ ಜಗಳ ಹಳೆಯದು. ರಸ್ಕಿನ್ 1849ರಲ್ಲೇ ಜೀರ್ಣೋದ್ಧಾರವನ್ನು ಸುಳ್ಳೆಂದು ಬಯ್ದಿದ್ದ. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಅದಕ್ಕೆ ಬಿದ್ದ ಅಡ್ಡಹೆಸರು ‘ಕೆರೆಯಬೇಡಿ ಸಂಘ’ ಎಂಬರ್ಥದ್ದು. ಚರ್ಚುಗಳ ಗೋಡೆಯನ್ನು ಕೆರೆದು, ನಡುವಿನ ಶತಮಾನಗಳನ್ನೆಲ್ಲ ಅಳಿಸಿ, ತಮಗೆ ಬೇಕಾದ ಒಂದು ‘ಶುದ್ಧ’ ಕಾಲಕ್ಕೆ ಕಟ್ಟಡವನ್ನು ಒಯ್ಯುವುದರ ವಿರುದ್ಧ ಅವನ ಸಿಟ್ಟು. ದಿನನಿತ್ಯ ಸೋರುವುದನ್ನು ನಿಲ್ಲಿಸಿ, ಬೀಳುವುದನ್ನು ಊರೆ ಕೊಟ್ಟು ನಿಲ್ಲಿಸಿ, ಮಾಡಿದ ದುರಸ್ತಿ ದುರಸ್ತಿಯೆಂದೇ ಕಾಣಲಿ ಎನ್ನುವುದು ಅವನ ವಾದ. ಮಾರಿಸನ ಮಾತು ಡ್ರೆಸರಿಗೂ ಸಲ್ಲುತ್ತದೆ. ಹಳೆಯ ಬಡಗಿಗಳು ಬಳಸುತ್ತಿದ್ದುದು ಪ್ರಾಣಿಗಳ ತೊಗಲು ಕುದಿಸಿ ಮಾಡಿದ ಅಂಟು. ಬಿಸಿ, ತೇವ ತಾಗಿದರೆ ಅದು ಬಿಡುತ್ತದೆ. ಎಂದರೆ, ಮುಂದೆ ಯಾರಾದರೂ ಬಿಚ್ಚಿ ರಿಪೇರಿ ಮಾಡಲು ಆಗುವಂತೆಯೇ ಅದನ್ನು ಜೋಡಿಸಿರುತ್ತಿದ್ದರು. ಫ್ರೆಂಚ್ ಪಾಲಿಶ್ ಕೂಡ ಹಾಗೇ. ಹೆಸರು ಫ್ರೆಂಚ್, ಸರಕು ನಮ್ಮದು: ನಮ್ಮ ಕಾಡುಗಳ ಮರಗಳಲ್ಲಿ ಹುಳು ಕಟ್ಟುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರ ಪದರವಾಗಿ ಒರೆಸುವುದು. ಸ್ಪಿರಿಟ್ ತಾಗಿಸಿದರೆ ಮತ್ತೆ ಕರಗುತ್ತದೆ. ಈಗಿನ ಪಾಲಿಯುರೆಥೇನ್ ಹಾಗಲ್ಲ. ಕೂತರೆ ಕೂತಿತು, ತೆಗೆಯಬೇಕೆಂದರೆ ಮರವನ್ನೂ ಕೆರೆಯಬೇಕು.

ಆದ್ದರಿಂದ ದುರಸ್ತಿಯಾದ ಹಳೆಯ ಡ್ರೆಸರನ್ನು ಆರಿಸುವಾಗ ಅಸಲಿಯೋ ನಕಲಿಯೋ ಎಂಬ ಬೊಗಿಸನ ಪ್ರಶ್ನೆ ನನಗೆ ಎರಡನೆಯದು. ಏನೇನು ಮಾಡಿದ್ದಾರೆ, ಅದನ್ನು ಹೇಳುತ್ತಾರೋ ಮುಚ್ಚುತ್ತಾರೋ, ಮಾಡಿದ್ದನ್ನು ಮರಳಿ ಬಿಚ್ಚಲು ಬರುತ್ತದೋ ಎಂಬುದು ಮೊದಲನೆಯದು. ಹಿಂಬದಿಗೆ ಹೊಸ ಪ್ಲೈವುಡ್ ಹಾಕಿದ್ದರೆ ಹಾಕಿದ್ದೇವೆ ಎಂದು ಹೇಳುವ ಅಂಗಡಿಯವನು ಸಿಕ್ಕರೆ ಅಲ್ಲೇ ಕೊಳ್ಳಬಹುದು. ಕುಟ್ಟೆ ತಿಂದ ತೂತುಗಳಿದ್ದರೆ ಹೆದರಬೇಕಿಲ್ಲ, ತೂತಿನ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹೆದರಬೇಕು. ಹಳೆಯ ಬಣ್ಣದ ಪದರವಿದ್ದರೆ ಅದರಲ್ಲಿ ಸೀಸವಿರಬಹುದು, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೂತು ಉಜ್ಜುವ ಕೆಲಸವಲ್ಲ. ಕನ್ನಡಿ ಕಲೆ ಬಿದ್ದಿದ್ದರೆ ಬದಲಾಯಿಸಲು ಅವಸರ ಬೇಡ. ಗಾಜಿಗೆ ಬೆಳ್ಳಿ ಕೂರಿಸುವ ವಿಧಾನವನ್ನು ಲೀಬಿಗ್ 1835ರಲ್ಲಿ ಕಂಡುಹಿಡಿಯುವ ತನಕ ತವರ ಮತ್ತು ಪಾದರಸದ ಲೇಪವಿರುತ್ತಿತ್ತು. ಆ ಮಬ್ಬಿನಲ್ಲಿ ಮುಖ ಕಾಣುವ ಬಗೆಯೇ ಬೇರೆ. ಹೊಸ ಕನ್ನಡಿ ಕೂರಿಸಿದ ಮುದುಕ ಡ್ರೆಸರ್ ಹಲ್ಲುಸೆಟ್ಟು ಹಾಕಿಕೊಂಡಂತೆ ಕಾಣುತ್ತದೆ. ಅದೂ ತಪ್ಪಲ್ಲ, ತಿನ್ನಲು ಬೇಕಲ್ಲ.

ಬೊಗಿಸನಿಗೆ ನೇರ ಎದುರಾಗಿ ನಿಲ್ಲುವ ಒಬ್ಬ ಗಿರಾಕಿ ಸಾಹಿತ್ಯದಲ್ಲಿದ್ದಾನೆ. ಮೊಪಾಸಾ 1884ರಲ್ಲಿ ಬರೆದ ‘ಕೂದಲು’ (ಲಾ ಶವೆಲ್ಯೂರ್) ಕತೆಯ ನಾಯಕ. ಹುಚ್ಚಾಸ್ಪತ್ರೆಯಲ್ಲಿರುವ ರೋಗಿಯೊಬ್ಬನ ದಿನಚರಿಯನ್ನು ವೈದ್ಯ ನಿರೂಪಕನಿಗೆ ಓದಲು ಕೊಡುತ್ತಾನೆ. ಅನುಕೂಲಸ್ಥ, ಒಂಟಿ, ಹಳೆಯ ವಸ್ತುಗಳ ಮೋಹಿ. ಪ್ಯಾರಿಸಿನ ಅಂಗಡಿಯೊಂದರಲ್ಲಿ ಹದಿನೇಳನೆಯ ಶತಮಾನದ ಇಟಲಿಯ ಬೀರು ಕಂಡು ಮನಸೋತು ಕೊಳ್ಳುತ್ತಾನೆ. ಮನೆಗೆ ತಂದ ಮೇಲೆ ದಿನಗಟ್ಟಲೆ ಅದರ ಬಾಗಿಲು ತೆರೆಯುತ್ತಾನೆ, ಖಾನೆ ಎಳೆಯುತ್ತಾನೆ, ಸವರುತ್ತಾನೆ. ಒಂದು ಸಂಜೆ ಹಲಗೆಯೊಂದರ ದಪ್ಪ ನೋಡಿ ಅನುಮಾನವಾಗುತ್ತದೆ. ಮರುದಿನ ಸಂದಿಗೆ ಅಲಗು ತೂರಿಸಿದಾಗ ಹಲಗೆ ಸರಿಯುತ್ತದೆ. ಒಳಗೆ ಕಪ್ಪು ಮಖಮಲ್ಲಿನ ಮೇಲೆ ಹೆಣ್ಣೊಬ್ಬಳ ಹೊಂಬಣ್ಣದ ಕೂದಲಿನ ಜಡೆ. ಅಲ್ಲಿಂದ ಅವನ ಪ್ರೇಮ, ಹುಚ್ಚು.

ಮೊಪಾಸಾನ ಕತೆಯನ್ನು ದೆವ್ವದ ಕತೆಯೆಂದು ಓದಿದವರೂ ಇದ್ದಾರೆ, ಮನೋರೋಗದ ಕತೆಯೆಂದು ಓದಿದವರು ಇನ್ನೂ ಹೆಚ್ಚು. ಅವನೂ 1893ರಲ್ಲಿ ಅಂಥದೇ ಆಸ್ಪತ್ರೆಯಲ್ಲಿ ಸತ್ತದ್ದರಿಂದ ಆ ಓದು ಸಲೀಸು. ನನಗೆ ಆಸಕ್ತಿ ಜಡೆ ಸಿಗುವ ಮೊದಲಿನ ಪುಟಗಳಲ್ಲಿ. ವಸ್ತುವೊಂದು ಕಿಟಕಿಯಲ್ಲಿ ಕಂಡು, ಬೇಡವೆಂದು ಮುಂದೆ ಹೋದರೂ ಹಿಂದೆ ಎಳೆದು, ಮೆಲ್ಲನೆ ಮೈಗೆ ಹತ್ತುವ ಆಸೆಯನ್ನು ಅವನು ಬಿಡಿಸಿಡುವ ನಿಖರತೆಗೆ ಡಾಲ್ ಹತ್ತಿರವೂ ಬರುವುದಿಲ್ಲ. ಹಳೆಯ ಸಾಮಾನು ಕೊಳ್ಳುವವರು ನೆಪವಾಗಿ ಮರದ ಗುಣಮಟ್ಟ ಹೇಳುತ್ತಾರೆ. ಒಳಗೆ ಬೇಕಿರುವುದು ಯಾರೋ ಬದುಕಿದ್ದರು ಎಂಬ ಗುರುತು. ಬಾಷೆಲಾರ್ ತನ್ನ ‘ಅವಕಾಶದ ಕಾವ್ಯಮೀಮಾಂಸೆ’ಯಲ್ಲಿ ಖಾನೆ, ಪೆಟ್ಟಿಗೆ, ಬೀರುಗಳಿಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ, ಬೀರುವಿನ ಒಳಗು ಎಲ್ಲರಿಗೂ ತೆರೆಯುವ ಜಾಗವಲ್ಲ, ಅದು ಗುಟ್ಟಿನ ಅಂಗ ಎಂಬುದು ಅವನ ಮಾತಿನ ಸಾರ. ಬೀಗವಿರುವ ಪೆಟ್ಟಿಗೆಯನ್ನು ಅತ್ತೆಯ ಸೊಂಟದ ಬೀಗದಗೊಂಚಲಿನಿಂದ ಅರಿತ ನಮಗೆ ಇದನ್ನು ಫ್ರಾನ್ಸಿನವನು ಹೇಳಬೇಕಿರಲಿಲ್ಲ. ದುರಸ್ತಿಯ ಅಂಗಡಿ ಮಾಡುವ ಮೊದಲ ಕೆಲಸ ಈ ಗುಟ್ಟನ್ನು ಗುಡಿಸುವುದು. ಡ್ರಾಯರಿನ ಅಡಿಗೆ ಹಾಸಿದ ಹಳೆಯ ಪತ್ರಿಕೆ, ಮೂಲೆಯಲ್ಲಿ ಸಿಕ್ಕಿಕೊಂಡ ಹೇರ್‌ಪಿನ್ನು, ನುಸಿಗುಳಿಗೆಯ ವಾಸನೆ ಎಲ್ಲ ಹೋಗಿ, ಹೂವಿನ ಚಿತ್ರದ ಅಂಟುಕಾಗದ ಬರುತ್ತದೆ. ಗಿರಾಕಿಗೆ ಗತಕಾಲ ಬೇಕು, ಗತಕಾಲದ ಜನ ಬೇಡ. ಮೊಪಾಸಾನ ಹುಚ್ಚ ಒಬ್ಬನೇ ಜನರನ್ನೂ ಸೇರಿಸಿ ಕೊಂಡವನು.

ಕೊಳ್ಳುವವರಾಯಿತು, ಮಾರಬೇಕಾದವರು? ಚೆಕಾಫನ ‘ಚೆರಿ ತೋಟ’ (1904) ನೋಡಬೇಕು. ಮೊದಲ ಅಂಕದಲ್ಲಿ, ಎಸ್ಟೇಟು ಹರಾಜಿಗೆ ಬಂದಿರುವಾಗ, ಗಾಯೆವ್ ಪುಸ್ತಕದ ಬೀರುವಿನ ಕೆಳಖಾನೆಯಲ್ಲಿ ಸುಟ್ಟು ಬರೆದ ಅಂಕಿ ಕಂಡು ಇದಕ್ಕೆ ನೂರು ವರ್ಷವಾಯಿತು ಎಂದು ಹಿಗ್ಗಿ, ಬೀರುವನ್ನೇ ಮಾನ್ಯರೇ ಎಂದು ಕರೆದು ಅಭಿನಂದನಾ ಭಾಷಣ ಮಾಡಿಬಿಡುತ್ತಾನೆ. ಕಣ್ಣಲ್ಲಿ ನೀರು. ಅವನ ತಂಗಿ ರಾನೆವ್ಸ್ಕಾಯಾ ಅದೇ ಬೀರುವಿಗೆ ಮುತ್ತಿಡುತ್ತಾಳೆ. ನಾವು ನಗುತ್ತೇವೆ, ಚೆಕಾಫನಿಗೂ ನಗುವೇ ಬೇಕಿತ್ತು. ಸಾಲ ತೀರಿಸುವ ದಾರಿಯನ್ನು ಲೊಪಾಖಿನ್ ಆಗಲೇ ಹೇಳಿದ್ದಾನೆ, ಇವರು ಮರದೊಂದಿಗೆ ಮಾತಾಡುತ್ತಿದ್ದಾರೆ. ಕೊನೆಯ ಅಂಕದಲ್ಲಿ ಅದೇ ಕೋಣೆಗೆ ಪರದೆಯಿಲ್ಲ, ಚಿತ್ರಗಳಿಲ್ಲ. ಉಳಿದ ಕೆಲವು ಸಾಮಾನುಗಳನ್ನು ಮಾರಾಟಕ್ಕಿಟ್ಟಂತೆ ಒಂದು ಮೂಲೆಗೆ ಒಟ್ಟಿದ್ದಾರೆ. ನಾಟಕಕಾರ ಇದನ್ನು ರಂಗಸೂಚನೆಯಲ್ಲಿ ಹೇಳಿ ಸುಮ್ಮನಾಗುತ್ತಾನೆ. ಯಾರೂ ಬೀರುವಿನ ಹೆಸರೆತ್ತುವುದಿಲ್ಲ. ಇವತ್ತು ನಾವು ಕೊಳ್ಳುವ ಪ್ರತಿ ಹಳೆಯ ಡ್ರೆಸರೂ ಒಮ್ಮೆ ಹೀಗೆ ಯಾವುದೋ ಮನೆಯ ಮೂಲೆಯಲ್ಲಿ ಒಟ್ಟಿಕೊಂಡು ನಿಂತದ್ದೇ.

ಈಗ ಡಾಲನ ಇನ್ನೊಂದು ಮುಖಕ್ಕೆ ಬರಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕತೆ ತುರ್ತಾಗುವುದು ಅಲ್ಲಿ. 2023ರ ಫೆಬ್ರುವರಿಯಲ್ಲಿ ಅವನ ಮಕ್ಕಳ ಪುಸ್ತಕಗಳ ಹೊಸ ಮುದ್ರಣಗಳಲ್ಲಿ ನೂರಾರು ಕಡೆ ಮಾತುಗಳನ್ನು ಬದಲಿಸಿರುವುದು ಸುದ್ದಿಯಾಯಿತು. ಅಗಸ್ಟಸ್ ಗ್ಲೂಪ್ ‘ದಪ್ಪ’ನಾಗಿ ಉಳಿಯಲಿಲ್ಲ, ‘ಬೃಹತ್’ ಆದ. ಊಂಪಾಲೂಂಪಾಗಳು ಚಿಕ್ಕ ಗಂಡಸರಾಗಿದ್ದವರು ಚಿಕ್ಕ ಜನರಾದರು. ಪುಸ್ತಕದ ಹುಳು ಮಟಿಲ್ಡಾ ಮೊದಲು ಕಿಪ್ಲಿಂಗನ ಜತೆ ಇಂಡಿಯಾಕ್ಕೆ ಹೋಗುತ್ತಿದ್ದಳು. ಹೊಸ ಮುದ್ರಣದಲ್ಲಿ ಸ್ಟೈನ್‌ಬೆಕ್ಕನ ಜತೆ ಕ್ಯಾಲಿಫೋರ್ನಿಯಾಕ್ಕೆ ಹೊರಟಳು. ಗದ್ದಲವೆದ್ದ ಮೇಲೆ ಪ್ರಕಾಶಕರು ಹಳೆಯ ಪಾಠವನ್ನೂ ಬೇರೆಯಾಗಿ ಅಚ್ಚುಹಾಕುತ್ತೇವೆ ಎಂದರು. ಈಗ ಅಂಗಡಿಯಲ್ಲಿ ಎರಡೂ ಇವೆ.

ಇದು ಬಿಳಿ ಬಣ್ಣವೇ? ನೋಯಿಸುವ ಮಾತನ್ನು ತೆಗೆಯುವುದು ಸೀಸದ ಬಣ್ಣ ಉಜ್ಜಿದಂತೆ ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಡಾಲನೇ ಮೊದಲ ದುರಸ್ತಿಗಾರ ಎಂಬುದನ್ನೂ ಮರೆಯಬಾರದು. 1964ರ ‘ಚಾರ್ಲಿ’ಯಲ್ಲಿ ಊಂಪಾಲೂಂಪಾಗಳು ಆಫ್ರಿಕದಿಂದ ತಂದ ಪಿಗ್ಮಿಗಳಾಗಿದ್ದರು, ಟೀಕೆ ಬಂದ ಮೇಲೆ 1970ರ ದಶಕದ ಮುದ್ರಣದಲ್ಲಿ ಅವನೇ ಬದಲಿಸಿದ. ಮಾಡಿದ ಬಡಗಿಯೇ ತನ್ನ ಕಾಲನ್ನು ಕತ್ತರಿಸಿ ಬೇರೆ ಕಾಲು ಕೂರಿಸಿದರೆ ಅದು ಮೂಲವೇ ಅಲ್ಲವೇ ಎಂಬ ತಕರಾರಿಗೆ ಸುಲಭದ ಉತ್ತರವಿಲ್ಲ. ಆದರೆ ಕಿಪ್ಲಿಂಗನನ್ನು ತೆಗೆದ ಕಡೆ ನನ್ನ ಅಭಿಪ್ರಾಯ ಸ್ಪಷ್ಟ. ಇಂಗ್ಲಿಷ್ ಹಳ್ಳಿಯ ಹುಡುಗಿಗೆ ಇಂಡಿಯಾ ಎಂಬುದು ಗ್ರಂಥಾಲಯದಲ್ಲಿ ಯಾರ ಕೈಯಿಂದ ಸಿಗುತ್ತಿತ್ತು ಎಂಬುದರ ಗುರುತು ಅದು. ಕಿಪ್ಲಿಂಗನ ಇಂಡಿಯಾದ ಮೇಲೆ ನಮಗೆ ನೂರು ಸಿಟ್ಟಿರಬಹುದು. ಸಿಟ್ಟಾಗಲು ಅವನು ಆ ವಾಕ್ಯದಲ್ಲಿ ಇರಬೇಕು. ಹಳೆಯ ಸ್ಕ್ರೂ ತೆಗೆದು ಹೊಸದು ಹಾಕಿ, ತಲೆಯ ಮೇಲೆ ಬಣ್ಣ ಬಳಿದುಬಿಟ್ಟರೆ ನಾಳೆ ಓದುವವರಿಗೆ ಏನೂ ತಿಳಿಯುವುದಿಲ್ಲ. 1818ರಲ್ಲಿ ಥಾಮಸ್ ಬೌಡ್ಲರ್ ಷೇಕ್ಸ್‌ಪಿಯರನ ಪೋಲಿಮಾತುಗಳನ್ನು ಕತ್ತರಿಸಿ ‘ಸಂಸಾರಸ್ಥರ ಷೇಕ್ಸ್‌ಪಿಯರ್’ ಸಂಪೂರ್ಣ ಆವೃತ್ತಿ ತಂದಾಗ ಕನಿಷ್ಠ ಹೆಸರಿನಲ್ಲೇ ಅದನ್ನು ಹೇಳಿಕೊಂಡಿದ್ದ.

ಹಳಗನ್ನಡ ಓದುವವರಿಗೆ ಪ್ರಾಮಾಣಿಕ ದುರಸ್ತಿಯ ಮಾದರಿ ಹೊಸದಲ್ಲ. ಎಲ್. ಬಸವರಾಜು ಅವರ ‘ಸರಳ ಪಂಪಭಾರತ’ದಂಥ ಕೆಲಸ ನೆನೆಯಿರಿ. ಸಂಧಿ ಬಿಡಿಸಿ, ಸಾಲು ಒಡೆದು, ಇಂದಿನ ಕಣ್ಣಿಗೆ ಓದಲಾಗುವಂತೆ ಇಟ್ಟರು; ಸರಳ ಎಂದು ರಟ್ಟಿನ ಮೇಲೆಯೇ ಬರೆದರು. ಬೇಕಾದವನು ಅಲ್ಲಿಂದ ಮೂಲದ ಪದ್ಯಕ್ಕೆ ಹಿಂದಿರುಗಬಹುದು. ಅರಗಿನ ಪಾಲಿಶ್ ಅದು. ವಚನಗಳನ್ನು ತಮ್ಮ ಕಾಲಕ್ಕೆ ಬೇಕಾದ ಹಾಗೆ ತಿದ್ದಿ, ತಿದ್ದಿದ್ದೇವೆಂದು ಹೇಳದ ಸಂಕಲನಗಳ ಬಗ್ಗೆ ಇದೇ ಮಾತನ್ನು ಹೇಳಲಾಗದು.

ಕತೆಗೆ ಮರಳಿದರೆ, ಡಾಲನ ಮೇಲೆ ಹೊರಿಸಿದ ಆಪಾದನೆಗೆ ಒಂದು ವಿನಾಯಿತಿ ಕೊಡಬೇಕು: ಕ್ಲಾಡ್. ಅವನು ವ್ಯಾಪಾರಿಯಲ್ಲ, ಆ ಸಾಮಾನಿನ ಒಡೆಯನೂ ಅಲ್ಲ. ಕತ್ತರಿಸುವ ಸಲಹೆ ಕೊಡುವವರಲ್ಲಿ ಅವನೂ ಒಬ್ಬ. ಕಾಲು ಬೇರ್ಪಟ್ಟ ಮೇಲೆ ಕಮೋಡಿನ ಒಡಲಿಗೆ ಕೊಡಲಿ ಹಾಕುತ್ತಾರೆ, ಅದು ಸುಲಭಕ್ಕೆ ಬಿಡುವುದಿಲ್ಲ. ಏಟಿನ ಮೇಲೆ ಏಟು ಬಿದ್ದರೂ ಜೋಡಣೆ ಕಚ್ಚಿಕೊಂಡೇ ಇರುತ್ತದೆ. ಬೆವರು ಒರೆಸಿಕೊಳ್ಳುತ್ತ ಕ್ಲಾಡ್ ಹೇಳುತ್ತಾನೆ: ಪಾದ್ರಿ ಏನೇ ಅನ್ನಲಿ, ಇದನ್ನು ಮಾಡಿದವನು ಭಾರಿ ಒಳ್ಳೆಯ ಬಡಗಿ. ಬೊಗಿಸನ ಪಾಂಡಿತ್ಯವಿಲ್ಲದೆ, ಬಿಲ್ಲಿನ ಪುರಾವೆಯಿಲ್ಲದೆ, ಬಣ್ಣದ ಮೇಲಿಂದಲೇ, ಆ ವಸ್ತುವಿನ ಬಗ್ಗೆ ಕತೆಯಲ್ಲಿ ಬರುವ ಒಂದೇ ಒಂದು ಪ್ರಾಮಾಣಿಕ ವಿಮರ್ಶೆ ಇದು. ಅದನ್ನು ಹೇಳಿ ಅವನು ಮತ್ತೆ ಕೊಡಲಿ ಎತ್ತುತ್ತಾನೆ. ದೂರದಲ್ಲಿ ಪಾದ್ರಿಯ ದೊಡ್ಡ ಕಾರು ತಿರುವಿನಲ್ಲಿ ಕಾಣಿಸುತ್ತದೆ, ಅದು ಅಂಗಳಕ್ಕೆ ಬರುವ ಮೊದಲೇ ಡಾಲ್ ಕತೆ ನಿಲ್ಲಿಸುತ್ತಾನೆ.